ನೀನು ಹಂಚದೆ ಇಟ್ಟ ಫೋಲ್ಡರು

ಗುಂಡ್ಲುಪೇಟೆ
೨೨-೧೧-೨೦೦೬, ಬುಧವಾರ

ಅಣ್ಣ ಮಾದೇಶನಿಗೆ,

ಮೇಲೆ ಶಾಯಿಯಲ್ಲಿ ಹೊಡೆದು ಹಾಕಿರುವುದು 'ತೀರ್ಥರೂಪ ಸಮಾನರಾದ' ಎಂಬ ಮಾತು. ಕೈಗೆ ಅಭ್ಯಾಸವಾಗಿರುವುದರಿಂದ ತಾನಾಗಿ ಬಂದುಬಿಟ್ಟಿತು, ಆಮೇಲೆ ಹೊಡೆದೆ. ಬೇರೆ ಹಾಳೆ ತೆಗೆದುಕೊಂಡು ಚೊಕ್ಕವಾಗಿ ಬರೆಯಬಹುದಿತ್ತು. ಬೇಕೆಂದೇ ಬರೆಯಲಿಲ್ಲ. ಹೊಡೆದದ್ದು ನಿನ್ನ ಕಣ್ಣಿಗೆ ಬೀಳಲಿ.

ನಿನ್ನ ಸೊಂಟನೋವು ಹೇಗಿದೆ? ಅತ್ತಿಗೆ ಕಾವ್ಯಶ್ರೀಯ ಕೆಮ್ಮು ನಿಂತಿತೇ? ಅರಿಶಿನದ ಗೋದಾಮಿನ ಮೇಲೆ ಮನೆ ಮಾಡಿದರೆ ಕೆಮ್ಮು ಬರದೆ ಇನ್ನೇನು ಬರುತ್ತದೆ ಎಂದು ಅಮ್ಮ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. ಬಿಸಿನೀರಿಗೆ ಮೆಣಸು ಕುಟ್ಟಿ ಹಾಕಿ ಕುಡಿಯಬೇಕಂತೆ. ಇದನ್ನೆಲ್ಲ ಹೋದ ವಾರ ಅಮ್ಮ ಕೇಳು ಎಂದಿದ್ದಳು, ಕೇಳಿದ್ದೇನೆ. ಈ ವಾರ ಅವಳು ಏನನ್ನೂ ಕೇಳು ಎಂದಿಲ್ಲ. ಅವಳ ಮಂಡಿ ಹಾಗೇ ಇದೆ. ನಾನು ಚೆನ್ನಾಗಿದ್ದೇನೆ. ನಾನು ಚೆನ್ನಾಗಿಲ್ಲದಿದ್ದರೆ ನಿನ್ನ ಕೆಲಸ ನಡೆಯುವುದಿಲ್ಲವಲ್ಲ.

ಒಂದು ಗಂಟೆಯ ಬಸ್ಸಿನ ದೂರದಲ್ಲಿರುವ ಅಣ್ಣನಿಗೆ ಕಾಗದ ಏಕೆ, ಫೋನಿಲ್ಲವೇ ಎಂದು ನೀನು ನಗುತ್ತೀಯ. ಫೋನಿದೆ. ಆದರೆ ಫೋನಿನಲ್ಲಿ ನಾನು ಒಂದು ಮಾತು ಮುಗಿಸುವ ಮೊದಲೇ "ಆಯ್ತು ಬುಡಮ್ಮಿ, ಜನ ಬಂದವ್ರೆ" ಎಂದು ಇಟ್ಟುಬಿಡುತ್ತೀಯ. ಕಾಗದವನ್ನು ಹಾಗೆ ಕತ್ತರಿಸಲಾಗದು. ನೀನು ಅರ್ಧಕ್ಕೆ ಬಿಸಾಡಿದರೂ ಉಳಿದರ್ಧ ಮನೆಯಲ್ಲೇ ಬಿದ್ದಿರುತ್ತದೆ, ಅತ್ತಿಗೆಯಾದರೂ ಎತ್ತಿಕೊಂಡು ಓದುತ್ತಾಳೆ. ಓದಲಿ. ಅವಳಿಗೂ ಗೊತ್ತಿದ್ದರೆ ನಾಚಿಕೆಪಡಲಿ, ಗೊತ್ತಿಲ್ಲದಿದ್ದರೆ ತಾನು ಎಂಥವನ ಜೊತೆ ಸಂಸಾರ ಮಾಡುತ್ತಿದ್ದೇನೆ ಎಂದು ತಿಳಿದುಕೊಳ್ಳಲಿ.

ಕಂಪ್ಯೂಟರಿನ ಸುದ್ದಿಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನೀನು ಭಾನುವಾರದಿಂದ ಎದುರು ನೋಡುತ್ತಿರುವುದು ಅದೊಂದೇ. ಸರಿಯಾಗಿದೆ. ಜಗಲಿಯ ಕಂಪ್ಯೂಟರಿನಲ್ಲಿ ಒಳಮನೆಯದು ಕಾಣುತ್ತದೆ, ಒಳಮನೆಯದರಲ್ಲಿ ಜಗಲಿಯದು ಕಾಣುತ್ತದೆ. ನೀನು ಕೆಡಿಸಿ ಹೋದದ್ದನ್ನು ನಾನು ಸರಿ ಮಾಡಿದೆ. ಕೆಡಿಸಿದವನು ನೀನೇ ಎಂಬುದನ್ನು ಮರೆಯಬೇಡ. ದೀಪಾವಳಿಗೆ ಬಂದವನು ಹೋಳಿಗೆ ತಿಂದು ಸುಮ್ಮನೆ ಮಲಗಬಹುದಿತ್ತು. ವೈರಸ್ ಬಂದಿದೆ ಎಂದು ಜಗಲಿಯ ಕಂಪ್ಯೂಟರನ್ನು ಫಾರ್ಮ್ಯಾಟ್ ಮಾಡಿದೆ, ಎಲ್ಲ ಹೊಸದಾಗಿ ಹಾಕಿದೆ, ಊದುಬತ್ತಿ ಬೆಳಗಿದೆ, ಇದ್ದ ಒಂದೇ ಪೆನ್ ಡ್ರೈವನ್ನೂ ಜೇಬಿಗೆ ಹಾಕಿಕೊಂಡು ಬಸ್ ಹತ್ತಿದೆ. ಮಾರನೆಯ ದಿನದಿಂದ ಎರಡು ಕಂಪ್ಯೂಟರುಗಳು ಒಂದರ ಮುಖ ಒಂದು ನೋಡಲಿಲ್ಲ.

ಅಪ್ಪನ ಕಟ್ಟಳೆ ನಿನಗೆ ನೆನಪಿದೆಯೋ ಇಲ್ಲವೋ. ಗಂಡಿನ ವಿವರ ಜಗಲಿಯಲ್ಲಿ, ಹೆಣ್ಣಿನ ವಿವರ ಒಳಮನೆಯಲ್ಲಿ. ಹೆಣ್ಣುಮಕ್ಕಳ ಫೋಟೋ ಜಗಲಿಯಲ್ಲಿ ಕೈಯಿಂದ ಕೈಗೆ ಹೋಗಬಾರದು. ಹೆಣ್ಣಿನ ತಾಯಂದಿರು ಪಕ್ಕದ ಬಾಗಿಲಿನಿಂದ ಬಂದು, ಕಾಫಿ ಕುಡಿದು, ಸಾವಕಾಶವಾಗಿ ಬರೆಸಬೇಕು. ಅಪ್ಪ ಬದುಕಿರುವವರೆಗೆ ವಧೂವರರ ಕೇಂದ್ರವೆಂದರೆ ಎರಡು ನೋಟುಬುಕ್ಕು. ಅಪ್ಪ ಹೋದಮೇಲೆ ನೀನು ಅವನ್ನು ಎರಡು ಕಂಪ್ಯೂಟರಿಗೆ ಏರಿಸಿದೆ, ಆದರೆ ಕಟ್ಟಳೆ ಬಿಡಲಿಲ್ಲ. ಜಗಲಿಯಲ್ಲಿ ನಿನ್ನದು, ಅದರೊಳಗೆ ಗಂಡುಗಳು. ಒಳಗೆ ನನ್ನದು, ಅದರೊಳಗೆ ಹೆಣ್ಣುಗಳು. ನಡುವೆ ದೇವರಮನೆಯ ಕಿಟಕಿಯಿಂದ ಎಳೆದ ನೀಲಿ ಕೇಬಲ್ಲು. ಗಂಡಿನ ಕಡೆಯವರು ಜಗಲಿಯಲ್ಲಿ ಕೂತಾಗ ನಾನು ಒಳಗಿನಿಂದ ಅವರಿಗೆ ತಕ್ಕ ಒಂದು ಹುಡುಗಿಯ ಫೈಲನ್ನು ಹಂಚಬೇಕು, ಅದು ಜಗಲಿಯಲ್ಲಿ ತೆರೆಯಬೇಕು. ಈ ಹಂಚಿಕೆ ನಿಂತರೆ ಕೇಂದ್ರವೇ ನಿಂತಂತೆ. ಲಗ್ನದ ಕಾಲ ಬೇರೆ. ಫ್ಲಾಪಿಯಲ್ಲಿ ಫೋಟೋ ಹಿಡಿಯುವುದಿಲ್ಲ. ಮೂರು ವಾರ ನಾನು ಗಂಡುಗಳ ವಿವರವನ್ನು ಕೈಯಲ್ಲಿ ಬರೆದುಕೊಂಡು ಜಗಲಿಗೂ ಒಳಮನೆಗೂ ಓಡಾಡಿ ಕಾಲು ಸವೆಸಿದೆ. ನೀನು ಚಾಮರಾಜನಗರದ ಬ್ರಾಂಚಿನಲ್ಲಿ ಕುರ್ಚಿಗೆ ಒರಗಿಕೊಂಡು "ಈ ವಾರ ಎಷ್ಟು ಜೋಡಿ ಮಾಡ್ದಮ್ಮಿ" ಎಂದು ಕೇಳುತ್ತಿದ್ದೆ.

ಹೋದ ಶುಕ್ರವಾರ ತೆರಕಣಾಂಬಿಯ ದೊಡ್ಡಮಲ್ಲಪ್ಪನವರು ಬಂದಿದ್ದರು. ಅವರ ಮೇಷ್ಟ್ರು ಮಗನಿಗೆ ನಾವೇ ಸಂತೆಮರಹಳ್ಳಿಯ ಹುಡುಗಿಯನ್ನು ತೋರಿಸಿ ಮದುವೆ ಮಾಡಿಸಿದ್ದೆವಲ್ಲ, ಅವನಿಗೆ ಹೆಣ್ಣುಮಗು. ನಾಮಕರಣಕ್ಕೆ ಕರೆಯಲು ಸಕ್ಕರೆ, ಬಾಳೆಹಣ್ಣು ಹಿಡಿದು ಬಂದಿದ್ದರು. ಕಾಫಿ ಕುಡಿದು ಲೋಟ ಇಡುತ್ತಾ ನನ್ನ ಮುಖ ನೋಡಿ, "ಅಲ್ಲಕವ್ವ, ನಿಂದು ನಿಶ್ಚಯ ಆಗಿ ಮೂರೂವರೆ ವರ್ಸ ಆಯ್ತು. ಇನ್ನೂವೆ ಊಟ ಆಕ್ಸನಿಲ್ವಲ್ಲ ನಮ್ಗೆ? ಗಂಡು ಮಿಲ್ಟ್ರಿಲವ್ನಾ?" ಎಂದರು. ನಾನು ನಕ್ಕೆ. ವಯಸ್ಸಾಗಿದೆ, ನನ್ನನ್ನು ಬೇರೆ ಯಾರೋ ಎಂದುಕೊಂಡಿದ್ದಾರೆ ಎಂದು ಅಮ್ಮನಿಗೂ ಹೇಳಿದೆ. ಅಮ್ಮನೂ ನಕ್ಕಳು.

ಶನಿವಾರ ನಿನಗೆ ಫೋನು ಮಾಡಿದೆ. "ಕೇಬಲ್ ಕಿತ್ತು ಆಕು" ಎಂದೆ ನೀನು. ಕಿತ್ತು ಹಾಕಿದೆ. ಕೇಬಲ್ಲು ಬಂದು ಸೇರುವ ಡಬ್ಬಿಯಲ್ಲಿ ಎರಡು ಹಸಿರು ದೀಪ ಮಿನುಗುತ್ತಿವೆ ಎಂದು ನಾನು ಹೇಳಿದೆ. "ಅಂಗಾರೆ ಕೇಬಲ್ ಅಲ್ಲ" ಎಂದೆ ನೀನು, ಅಷ್ಟು ನನಗೂ ಗೊತ್ತಿತ್ತು. ಒಂದು ಕರೆದರೆ ಇನ್ನೊಂದು ಓಗೊಡುತ್ತದೋ ನೋಡಲು ಪಿಂಗ್ ಎಂದು ಹೊಡೆ ಎಂದು ನೀನು ಹೇಳಿದೆ, ನಾನು ಹೊಡೆದೆ, ಉತ್ತರವಿಲ್ಲ. ಹೊರಗಿನಿಂದ ಬರುವುದನ್ನು ತಡೆಯುವ ಫೈರ್‌ವಾಲ್ ಆರಿಸು ಎಂದೆ ನೀನು. ಅದಕ್ಕೆ ನಿನ್ನ ಹೆಸರಿನಲ್ಲಿ ಒಳಗೆ ಹೋಗಬೇಕಿತ್ತು, ನಿನ್ನ ಪಾಸ್‌ವರ್ಡ್ ಬೇಕಿತ್ತು. ಅದು ಇಲ್ಲದೆ ಆಗುವುದಿಲ್ಲವೇ ಎಂದು ನೀನು ಕೇಳಿದೆ. ಅತ್ತ ಕಡೆ ಯಾರೋ ಕರೆದರು, ಅವಸರದಲ್ಲಿ ಒದರಿಬಿಟ್ಟೆ. ಅತ್ತಿಗೆಯ ಹೆಸರು, ಅದರ ಮುಂದೆ ನಿಮ್ಮ ಮದುವೆಯ ತಾರೀಕು. ಬರೆದುಕೊಂಡೆ. ಆಗ ಅದರಲ್ಲಿ ನನಗೇನೂ ಅನ್ನಿಸಲಿಲ್ಲ, ಚೆಂದವಾಗಿದೆ ಎಂದೇ ಅಂದುಕೊಂಡೆ.

ಫೈರ್‌ವಾಲ್ ಆರಿಸಿದ ಮೇಲೆ ಪಿಂಗಿಗೆ ಉತ್ತರ ಬಂತು, ಆದರೂ ಕಂಪ್ಯೂಟರಿನ ಹೆಸರು ಕಾಣಲಿಲ್ಲ. ಎರಡೂ ಸೇರಿರಬೇಕಾದ ಗುಂಪು, ವರ್ಕ್‌ಗ್ರೂಪ್ ಅನ್ನುವುದು, ಬೇರೆ ಬೇರೆ ಇತ್ತು, ನೀನು ಹೊಸದಕ್ಕೆ ಬೇರೆ ಹಾಕಿದ್ದೆ. ಅದನ್ನೂ ಒಂದು ಮಾಡಿದೆ. ಆಗಲೂ ಇಲ್ಲ. ಮತ್ತೆ ಫೋನು ಮಾಡಿದರೆ "ನಿನ್ಗೆ ಒಂದ್ಸಲ ಯೋಳುದ್ರೆ ಅರ್ತಾಯ್ಕಿಲ್ವಾ, ಬಿಎ ಮಾಡಿರೋದು ಯಾತಕ್ಕೆ?" ಎಂದು ರೇಗಿದೆ. ಹಲ್ಲು ಕಚ್ಚಿಕೊಂಡು ಕೇಳಿಸಿಕೊಂಡೆ. ಪ್ರತಿ ಬೆಳಿಗ್ಗೆ ಕಂಪ್ಯೂಟರು ಆನ್ ಆದ ಕೂಡಲೇ ಮೂಲೆಯಲ್ಲಿ ಒಂದು ಹಳದಿ ಚೀಟಿ ಏಳುತ್ತದೆ ಎಂದು ಹೇಳಹೊರಟರೆ, "ಬರೋ ಮೆಸೇಜ್‌ನೆಲ್ಲಾ ಕ್ಲೋಸ್ ಮಾಡ್ಬುಡು" ಎಂದು ನೀನು ಹೋದ ತಿಂಗಳೇ ಅಪ್ಪಣೆ ಕೊಟ್ಟಿದ್ದೆ. ಮೂರು ವಾರ ಅದನ್ನು ಓದದೆ ಮುಚ್ಚುತ್ತಾ ಬಂದಿದ್ದೆ. ಭಾನುವಾರ ಬೆಳಿಗ್ಗೆ ಮುಚ್ಚದೆ ಓದಿದೆ. ಒಂದೇ ಹೆಸರಿನವು ಎರಡಿವೆ, ಅದಕ್ಕೇ ಆಗುತ್ತಿಲ್ಲ ಎಂದು ಅದು ಮೊದಲ ದಿನದಿಂದ ಹೇಳುತ್ತಿತ್ತು.

ನಮ್ಮ ಮನೆಯಲ್ಲಿ ಹೊಸದೇನು ಬಂದರೂ ಅದಕ್ಕೆ ಅಪ್ಪನ ಹೆಸರು. ಟ್ರ್ಯಾಕ್ಟರಿನ ಟ್ರೇಲರಿಗೆ ಮರಿಮಲ್ಲಪ್ಪ, ಪಂಪ್‌ಹೌಸಿನ ಬಾಗಿಲಿಗೆ ಮರಿಮಲ್ಲಪ್ಪ, ಹಾಲಿನ ಕ್ಯಾನಿಗೆ ಮರಿಮಲ್ಲಪ್ಪ. ಒಳಮನೆಯ ಕಂಪ್ಯೂಟರಿಗೂ ನೀನು ಅದೇ ಹೆಸರಿಟ್ಟಿದ್ದೆ. ದೀಪಾವಳಿಗೆ ಜಗಲಿಯದನ್ನು ಹೊಸದು ಮಾಡಿ, ಊದುಬತ್ತಿ ಹಚ್ಚಿ, ಅದಕ್ಕೂ ಅದನ್ನೇ ಇಟ್ಟು ಹೋಗಿದ್ದೆ! ಅಮ್ಮನಿಗೆ ಹೇಳಿದರೆ "ನಿಮ್ಮಪ್ಪನ್ ಎಸ್ರ ಯಾಕಮ್ಮಿ ತಗೀತೀಯ? ಮಾದೇಸುನ್ ಕೇಳು" ಎಂದಳು. ನಿನ್ನನ್ನು ಕೇಳಿದೆ. "ಜಗ್ಲಿದು ಮುಟ್ಬ್ಯಾಡ, ಅದು ಜನ ನೋಡೋದು. ಒಳ್ಗಡೆದುಕ್ಕೆ ಏನಾರ ಇಟ್ಕೊ ಓಗು" ಎಂದೆ ನೀನು. ಏನಾರ ಎಂದರೆ ಏನು? ಐದು ನಿಮಿಷ ಕೂತು ಯೋಚಿಸಿದೆ. ಅಡಿಗೆಮನೆಯ ತಪ್ಪಲೆಗಳ ಮೇಲೆ ಅಪ್ಪನ ಹೆಸರು, ನಿನ್ನ ಹೆಸರು ಇವೆ. ನನ್ನ ಹೆಸರು ಈ ಮನೆಯ ಒಂದು ಚಮಚದ ಮೇಲೂ ಇಲ್ಲ. ಮಂಗಳಗೌರಿ ಎಂದು ಹೊಡೆದು ರೀಸ್ಟಾರ್ಟ್ ಮಾಡಿದೆ. ಹಳದಿ ಚೀಟಿ ಬರಲಿಲ್ಲ. ಎರಡೂ ಒಂದನ್ನೊಂದು ಗುರುತಿಸಿದವು.

ಇನ್ನು ಉಳಿದದ್ದು ಜಗಲಿಯ ಕಂಪ್ಯೂಟರಿನ ಡಿ ಡ್ರೈವಿನಲ್ಲಿರುವ ಫೋಲ್ಡರುಗಳನ್ನು ಮತ್ತೆ ಹಂಚುವುದು. ಫಾರ್ಮ್ಯಾಟ್ ಮಾಡುವಾಗ ನೀನು ಡಿ ಡ್ರೈವ್ ಮುಟ್ಟಿರಲಿಲ್ಲ, ಫೈಲುಗಳೆಲ್ಲ ಹಾಗೇ ಇದ್ದವು. ನೀನು ಫೋನಿನಲ್ಲಿ ಹೇಳಿಕೊಟ್ಟೆ. "ವರ, ಫೋಟೋ, ಜಾತಕ, ಹಳೇದು, ನಾಕೇ ನಾಕು. ಒಂದೊಂದ್ನಾಗಿ ಶೇರ್ ಮಾಡು. ಬೇರೆ ಯಾವ್ದೂ ಬ್ಯಾಡ." ಒಂದು ಮಾಡಿದೆ, ಎರಡು ಮಾಡಿದೆ. ಮೂರನೆಯದು ಹಂಚಿದರೂ ಒಳಗಿನಿಂದ ತೆರೆಯಲಿಲ್ಲ. ಜಗಲಿಗೆ ಬಂದು ನೋಡುವುದು, ಒಳಗೆ ಹೋಗಿ ಒತ್ತುವುದು, ಹನ್ನೊಂದು ಸಲ ಓಡಾಡಿದೆ. ಅನ್ನ ಹೊತ್ತಿತು. ತಾಳ್ಮೆ ಕೆಟ್ಟು ಹೋಗಿ, ಒಂದೊಂದೂ ಬೇಡ ಏನೂ ಬೇಡ ಎಂದು ಇಡೀ ಡಿ ಡ್ರೈವನ್ನೇ ಹಂಚಲು ಹೊರಟೆ. ಹೀಗೆ ಮಾಡುವುದು ಒಳ್ಳೆಯದಲ್ಲ, ಅಪಾಯ ಗೊತ್ತಿದ್ದೂ ಮಾಡುವುದಾದರೆ ಇಲ್ಲಿ ಒತ್ತು ಎಂದು ಕಂಪ್ಯೂಟರು ಎಚ್ಚರಿಸಿತು. ನನಗೆ ಅಪಾಯ ಏನೆಂದು ಗೊತ್ತಿರಲಿಲ್ಲ, ಒತ್ತಿದೆ.

ಒಳಗೆ ಹೋಗಿ ನೋಡಿದರೆ ಎಲ್ಲ ತೆರೆದುಕೊಂಡಿತ್ತು. ವರ, ಫೋಟೋ, ಜಾತಕ, ಹಳೇದು. ಐದನೆಯದು ಒಂದಿತ್ತು, ಅದರ ಹೆಸರು 'ಮನೆ'. ಕರೆಂಟು ಬಿಲ್ಲು, ಪಹಣಿ ಇಂಥವು ಇರಬಹುದು ಎಂದುಕೊಂಡು ತೆರೆದೆ. ಎಂಟು ಫೈಲುಗಳಿದ್ದವು. ಮೊದಲನೆಯದರ ಮೇಲೆ ನನ್ನ ಹೆಸರಿತ್ತು.

ನನ್ನ ಬಯೋಡೇಟಾ ನಾನು ಅಲ್ಲಿಯವರೆಗೆ ನೋಡಿರಲೇ ಇಲ್ಲ. ನಾನೂರು ಹುಡುಗಿಯರದು ನಾನು ಬರೆದಿದ್ದೇನೆ. ನನ್ನದನ್ನು ನಾನು ಬರೆಯಬಾರದು, ಹುಡುಗಿ ತನ್ನದನ್ನು ತಾನೇ ಬರೆದುಕೊಂಡರೆ ಚೆನ್ನಾಗಿರುವುದಿಲ್ಲ, ಅಣ್ಣನಾದವನು ಬರೆಯಬೇಕು, ಹಂಚಬೇಕು ಎಂದು ನೀನೇ ವಹಿಸಿಕೊಂಡಿದ್ದೆ. ಬರೆದಿದ್ದೀಯ, ಇಲ್ಲವೆನ್ನುವುದಿಲ್ಲ. ಎರಡು ಸಾವಿರದ ಒಂದನೇ ಇಸವಿ ಮಾರ್ಚಿ ನಾಲ್ಕು, ಆ ವರ್ಷದ ಅಪ್ಪನ ತಿಥಿಯ ಮಾರನೆಯ ವಾರ. 'ಸೌಮ್ಯ ಸ್ವಭಾವ' ಎಂದು ಹಾಕಿದ್ದೀಯ, ಅದೊಂದನ್ನು ಈಗ ತಿದ್ದಬೇಕು. ಫೈಲಿನ ಮೇಲೆ ಒತ್ತಿ ಅದರ ಪೂರ್ವೋತ್ತರ ನೋಡುವ ಅಭ್ಯಾಸ ನನಗುಂಟು, ಯಾವ ಹುಡುಗಿಯ ವಿವರ ಯಾವಾಗ ಬದಲಾಯಿತು ಎಂದು ತಿಳಿಯಬೇಕಲ್ಲ. ನನ್ನದನ್ನೂ ನೋಡಿದೆ. ಕೊನೆಗೆ ಪ್ರಿಂಟ್ ಮಾಡಿದ ದಿನ ಎಂಬ ಕಡೆ ಖಾಲಿ ಇತ್ತು. ಐದೂವರೆ ವರ್ಷದಲ್ಲಿ ಒಂದು ಸಲವೂ ಪ್ರಿಂಟ್ ಆಗಿಲ್ಲ. ನನ್ನದು ಯಾರ ಕೈಗೂ ಹೋಗಿಲ್ಲ.

ಉಳಿದ ಏಳೂ ಪ್ರಿಂಟ್ ಆಗಿದ್ದವು. ಏಳೂ ನೀನು ಬರೆದ ಉತ್ತರ. ಬೇಗೂರು, ಹಂಗಳ, ತೆರಕಣಾಂಬಿ, ಯಳಂದೂರು, ನಂಜನಗೂಡು, ಮತ್ತೆ ಬೇಗೂರು, ಕೊಳ್ಳೇಗಾಲ. ಹೆಸರು, ತಾರೀಕು ಬದಲಿಸಿ ಉಳಿದದ್ದನ್ನು ಹಾಗೇ ಬಿಟ್ಟಿದ್ದೀಯ. 'ತಮ್ಮ ಪತ್ರ ತಲುಪಿತು. ನಮ್ಮ ತಂಗಿಯ ಬಗ್ಗೆ ತಾವು ತೋರಿಸಿದ ಅಭಿಮಾನಕ್ಕೆ ಋಣಿ. ಆದರೆ ಆಕೆಗೆ ಈಗಾಗಲೇ ಸಂಬಂಧ ನಿಶ್ಚಯವಾಗಿದೆ. ತಮ್ಮ ಚಿರಂಜೀವಿಗೆ ತಕ್ಕ ಕನ್ಯೆಯನ್ನು ನಮ್ಮ ಕೇಂದ್ರದಿಂದಲೇ ಹುಡುಕಿಕೊಡುತ್ತೇವೆ.' ಹುಡುಕಿಕೊಡುತ್ತೇವೆ ಎಂದರೆ ಯಾರು ಹುಡುಕುವುದು? ನಾನು. ನನ್ನನ್ನು ಕೇಳಿದವರಿಗೆ ನನ್ನ ಕೈಯಿಂದಲೇ ಬೇರೆ ಹುಡುಗಿಯನ್ನು ಕೊಡಿಸಿದೆ.

ಒಂದು ಮಾತು ಬರೆಯಲೇಬೇಕು, ಬರೆಯಲು ಅವಮಾನವಾದರೂ. ಓದುತ್ತಾ ಓದುತ್ತಾ ಒಂದು ಗಳಿಗೆ ನನಗೆ ಸಂತೋಷವಾಯಿತು. ಏಳು ಮನೆಯವರು ನನ್ನನ್ನು ಕೇಳಿದ್ದರು! ಬಯೋಡೇಟಾ ನೋಡಿ ಅಲ್ಲ, ಅದು ಹೊರಗೇ ಹೋಗಿರಲಿಲ್ಲ. ನನ್ನನ್ನೇ ಎಲ್ಲೋ ಮದುವೆಮನೆಯಲ್ಲಿ, ಇದೇ ಒಳಮನೆಯಲ್ಲಿ ನೋಡಿ ಕೇಳಿದ್ದರು. ನಾನಾದರೋ ಈ ಮುಖವನ್ನು ಯಾರೂ ಒಪ್ಪುವುದಿಲ್ಲ ಎಂದು ನಂಬಿ ಕೂತಿದ್ದೆ. ನಂಬಿಸಿದವನು ನೀನು. ಭಾನುವಾರ ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಾ "ಅವ್ರು ಒಪ್ನಿಲ್ಲ ಕಣಮ್ಮಿ, ಬೇಜಾರ್ ಮಾಡ್ಕಬ್ಯಾಡ" ಎಂದು ಎಷ್ಟು ಮೆತ್ತಗೆ ಹೇಳುತ್ತಿದ್ದೆ! ಒಂದು ಸಲ ಓದಿದ್ದು ಜಾಸ್ತಿ ಎಂದರಂತೆ, ಒಂದು ಸಲ ಎತ್ತರ ಕಡಿಮೆ ಎಂದರಂತೆ. ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದೆ. ನಿನ್ನ ಮೇಲೆ ಸಿಟ್ಟಿರಲಿಲ್ಲ, ಪಾಪ ಅಣ್ಣ ಎಷ್ಟು ಮನೆ ಸುತ್ತುತ್ತಾನೆ ಎಂದು ಕನಿಕರಪಡುತ್ತಿದ್ದೆ. ಥೂ.

ತೆರಕಣಾಂಬಿಯ ಆ ಮೇಷ್ಟ್ರನ್ನೇ ನೋಡು. ಎರಡು ಸಾವಿರದ ಮೂರು, ಏಪ್ರಿಲ್. ತಂದೆಯ ಜೊತೆ ತಾನೇ ಬಯೋಡೇಟಾ ಕೊಡಲು ಬಂದಿದ್ದ. ಅಂಗಳದಲ್ಲಿ ಬೇಯಿಸಿದ ಅರಿಶಿನ ಒಣಗಲು ಹರಡಿತ್ತು, ಇದ್ದಕ್ಕಿದ್ದ ಹಾಗೆ ಮೋಡ ಕವಿಯಿತು. ನಾನೊಬ್ಬಳೇ ಟಾರ್ಪಾಲು ಎಳೆಯುತ್ತಿದ್ದರೆ ಜಗಲಿಯಿಂದ ಇಳಿದು ಬಂದು ಇನ್ನೊಂದು ತುದಿ ಹಿಡಿದ. ಬಿಳಿ ಪ್ಯಾಂಟಿನ ಮಂಡಿಯವರೆಗೂ ಹಳದಿ ಮಾಡಿಕೊಂಡ. "ಇದು ಓಗಲ್ಲ ಬುಡಿ, ಮದ್ವೆ ಗಂಡಿನ್ ತರ ಕಾಣ್ತೀನಿ" ಎಂದು ನಕ್ಕ. ಅಷ್ಟೇ ನಾವು ಆಡಿದ ಮಾತು. ಮೇ ಹನ್ನೊಂದಕ್ಕೆ ನೀನು ಅವರಿಗೆ ಉತ್ತರ ಪ್ರಿಂಟ್ ಮಾಡಿದ್ದೀಯ. ನನಗೆ ಬಂದು ಹೇಳಿದ್ದು "ಕನ್ನಡ್ಕದ ಉಡ್ಗಿ ಬ್ಯಾಡ ಅಂದ್ರು ಕಣಮ್ಮಿ" ಎಂದು. ಅದಕ್ಕೇ ನಾನು ಅವರಿಗಾಗಿ ಕನ್ನಡಕವಿಲ್ಲದ ಹುಡುಗಿಯರನ್ನೇ ಬೇರೆ ಮಾಡಿ ಹುಡುಕಿದೆ. ಸಂತೆಮರಹಳ್ಳಿಯ ಹುಡುಗಿಯ ಫೈಲನ್ನು ನಾನೇ ಜಗಲಿಗೆ ಹಂಚಿದೆ. ಲಗ್ನಪತ್ರಿಕೆಯನ್ನು ನಾನೇ ಟೈಪು ಮಾಡಿದೆ. ಧಾರೆಯ ದಿನ ಕನ್ನಡಕ ತೆಗೆದು ಚೀಲದಲ್ಲಿ ಇಟ್ಟುಕೊಂಡಿದ್ದೆ, ಗಂಡು ಹೆಣ್ಣು ಇಬ್ಬರೂ ಮಸಕುಮಸಕಾಗಿ ಕಂಡರು. ಅವನ ಮೇಲೆ ನನಗೆ ಈಗ ಏನೂ ಇಲ್ಲ, ತಪ್ಪು ತಿಳಿಯಬೇಡ. ಹೆಂಡತಿ ಮಗುವಿನ ಜೊತೆ ಸುಖವಾಗಿರಲಿ. ನನ್ನ ಹೊಟ್ಟೆ ಉರಿಯುತ್ತಿರುವುದು ನಿನ್ನ ಮೇಲೆ.

ಏಕೆ ಮಾಡಿದೆ ಎಂದು ನಾನು ಕೇಳುವುದಿಲ್ಲ, ಗೊತ್ತಿದೆ. "ನಿನ್ನ ಬುಟ್ರೆ ಈ ಕೇಂದ್ರ ನಡ್ಸೋರ್ ಯಾರವ್ರಮ್ಮಿ" ಎಂದು ನೀನು ಹತ್ತು ಜನರ ಮುಂದೆ ಹೇಳಿದಾಗ ಹೊಗಳುತ್ತಿದ್ದಾನೆ ಎಂದು ಉಬ್ಬಿದ್ದೆ. ಹೆಣ್ಣಿನ ತಾಯಂದಿರು ನಿನ್ನ ಹತ್ತಿರ ಬಾಯಿ ಬಿಡುವುದಿಲ್ಲ, ನನ್ನ ಹತ್ತಿರ ಬಿಡುತ್ತಾರೆ. ನಾನು ಹೋದರೆ ಒಳಮನೆಯ ಬಾಗಿಲು ಮುಚ್ಚಿದಂತೆ. ಅಮ್ಮನಿಗೆ ಬೇಯಿಸಿ ಹಾಕುವವರೂ ಬೇಕು. ನೀನು ಬ್ರಾಂಚ್ ಮಾಡಿಕೊಂಡು ಹೆಂಡತಿಯ ಜೊತೆ ಚಾಮರಾಜನಗರದಲ್ಲಿರಬೇಕಾದರೆ ಇಲ್ಲಿ ಒಬ್ಬಳು ಮದುವೆಯಾಗದೆ ಇರಬೇಕು. ಲೆಕ್ಕಾಚಾರ ಸರಿಯಾಗಿಯೇ ಇದೆ. ಊರಿನ ಹೆಣ್ಣುಮಕ್ಕಳಿಗೆಲ್ಲ ಗಂಡು ಹುಡುಕುವ ಮನೆ ಎಂದು ಹೊರಗೆ ಬೋರ್ಡು ಹಾಕಿ, ಒಳಗೆ ಕೂತವಳನ್ನೇ ಬಚ್ಚಿಟ್ಟೆ.

ಅಪ್ಪ ಹೋದಾಗ ಎಲ್ಲರೂ ಓದು ಬಿಡಿಸು ಎಂದರೂ ನನ್ನನ್ನು ಡಿಗ್ರಿ ಮುಗಿಸಲು ಬಿಟ್ಟವನು ನೀನೇ. ಪರೀಕ್ಷೆಯ ದಿನ ಜ್ವರ ಬಂದಾಗ ಮೈಸೂರಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕ ನಿಂತುಕೊಂಡೇ ಬಂದವನು. ಅದನ್ನು ಮರೆತಿಲ್ಲ. ಮರೆತಿದ್ದರೆ ಈ ಕಾಗದ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಆ ಅಣ್ಣನೇ ಹೀಗೆ ಮಾಡಿದನಲ್ಲ ಎಂದು ಭಾನುವಾರ ಮಧ್ಯಾಹ್ನ ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ. ಈಗ ಅಳುತ್ತಿಲ್ಲ.

ಅಮ್ಮ ಬಂದು ಏನಾಯಿತಮ್ಮಿ ಎಂದಳು. ಮುಚ್ಚಿಡಬೇಕೆಂದು ನನಗೆ ಅನ್ನಿಸಲಿಲ್ಲ, ಮುಚ್ಚಿಡುವುದು ಈ ಮನೆಯಲ್ಲಿ ಸಾಕಷ್ಟಾಗಿದೆ. ಪಕ್ಕದಲ್ಲಿ ಕೂರಿಸಿಕೊಂಡು ಓದಿ ಹೇಳಿದೆ. ಮೊದಲನೆಯದು ಮುಗಿದಾಗ "ನಿನ್ ಒಳ್ಳೇದುಕ್ಕೇ ಮಾಡಿರ್ತಾನ ಕಣಮ್ಮಿ" ಎಂದಳು. ಎರಡನೆಯದಕ್ಕೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. ತೆರಕಣಾಂಬಿಯದು ಓದುತ್ತಿದ್ದಂತೆ "ಸಾಕು ಬುಡು" ಎಂದಳು. ಆಮೇಲೆ, "ನಿಂಗೊಂದ್ ಗಂಡ್ ಸಿಕ್ಲಿ ಅಂತ ಮೂರ್ ವರ್ಸ ಮಾದಪ್ಪನ್ ಬೆಟ್ಟಕ್ಕೆ ನಡ್ಕಂಡೋದ್ನಲ್ಲ, ಈ ಮಂಡಿ ಇಟ್ಕಂಡು. ಆಗೆಲ್ಲ ಅವ್ನಿಗೆ ಗೊತ್ತಿತ್ತಾ?" ಎಂದು ಕೇಳಿದಳು. ಗೊತ್ತಿತ್ತಮ್ಮ, ನಮ್ಮನ್ನು ಊರ ಹೊರಗಿನವರೆಗೂ ಬಂದು ಕಳಿಸಿದ್ದೂ ಅವನೇ ಎಂದೆ. ಆವತ್ತು ಅವಳು ಊಟ ಮಾಡಲಿಲ್ಲ. ನೀನು ಸಂಜೆ ಫೋನು ಮಾಡಿದಾಗ ಕೈಗೆ ಎತ್ತಿಕೊಂಡು ಮತ್ತೆ ಕೆಳಗಿಟ್ಟದ್ದು ಅವಳೇ, ನಾನಲ್ಲ. ಲೈನು ಕೆಟ್ಟಿದೆ ಎಂದು ನೀನು ಅಂದುಕೊಂಡಿರಬಹುದು.

ಆ ಫೋಲ್ಡರನ್ನು ನಾನು ಅಳಿಸಿಲ್ಲ. ಎಂಟೂ ಫೈಲಿನ ಪ್ರತಿಗಳು ಒಳಮನೆಯ ಕಂಪ್ಯೂಟರಿನಲ್ಲಿವೆ, ಕಾಗದದ ಮೇಲೂ ಇವೆ. ನಿನ್ನ ಪಾಸ್‌ವರ್ಡ್ ಬದಲಿಸಿದ್ದೇನೆ. ಹೊಸದು ಏನೆಂದು ಕೇಳಲು ಫೋನು ಮಾಡಬೇಡ.

ಅತ್ತಿಗೆಗೆ ನಮಸ್ಕಾರ. ಅಮ್ಮನ ಆಶೀರ್ವಾದ ಎಂದು ಬರೆಯುವ ಕಡೆ ಜಾಗ ಬಿಟ್ಟಿದ್ದೇನೆ. ಹೇಳು ಎಂದು ಎರಡು ಸಲ ಕೇಳಿದೆ, ಹೇಳಲಿಲ್ಲ.

ನಿನ್ನ ತಂಗಿ,
ಮಂಗಳಗೌರಿ

ವಿ.ಸೂ.: ಒಂದೂವರೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಬೇಕು, ಬೇಗ ಬರೆಯುತ್ತೇನೆ. 'ಹಳೇದು' ಫೋಲ್ಡರಿನಲ್ಲಿ ಬಂಡೀಪುರದ ಶಂಭುಲಿಂಗಪ್ಪ ಎಂಬುವರ ಬಯೋಡೇಟಾ ಇತ್ತು. ಅರಣ್ಯ ಇಲಾಖೆಯಲ್ಲಿ ಜೀಪು ಓಡಿಸುತ್ತಾರೆ, ಮೂವತ್ತೇಳು ವರ್ಷ, ಊರಿಂದ ದೂರ ಕಾಡಿನ ಕ್ವಾರ್ಟರ್ಸು ಎಂದು ಎರಡು ವರ್ಷದಿಂದ ಯಾರೂ ಹೆಣ್ಣು ಕೊಟ್ಟಿಲ್ಲ. ನಿನ್ನೆ ಅವರಿಗೆ ಫೋನು ಮಾಡಿ ಒಂದು ಹುಡುಗಿ ಇದ್ದಾಳೆ, ಮೂವತ್ತೊಂದು, ಬಿಎ, ಕನ್ನಡಕ ಉಂಟು ಎಂದೆ. "ನೀವು ಯಾರ್ ಪರ್ವಾಗಿ ಮಾತಾಡ್ತಿರೋದು?" ಎಂದರು. ನನ್ನ ಪರವಾಗಿ ಎಂದೆ. ಆಮೇಲೆ "ಬಾನ್ವಾರ ಡ್ಯೂಟಿ ಅದೆ, ಸ್ವಾಮಾರ ಬಂದ್ರಾದದಾ?" ಎಂದರು. ಆಗುತ್ತದೆ ಎಂದೆ. ಸೋಮವಾರ ಹತ್ತು ಗಂಟೆಗೆ ಬರುತ್ತಾರೆ. ಹೆಣ್ಣಿನ ಕಡೆಯವರಾಗಿ ಜಗಲಿಯಲ್ಲಿ ಅಮ್ಮ ಕೂರುತ್ತಾಳೆ, ತಾನೇ ಕೂರುತ್ತೇನೆ ಎಂದಿದ್ದಾಳೆ. ನೀನು ಬರಬೇಡ. ಬರಲೇಬೇಕು ಎನ್ನಿಸಿದರೆ, ಆ ಏಳು ಉತ್ತರಗಳನ್ನು ಅವರ ಎದುರು ನೀನೇ ಗಟ್ಟಿಯಾಗಿ ಓದಬೇಕು. ಪ್ರಿಂಟ್ ಮಾಡಿ ಮೇಜಿನ ಮೇಲೆ ಇಟ್ಟಿರುತ್ತೇನೆ.